ಖಾಲಿ ಬುತ್ತಿಬಟ್ಟೆ

ಕೊಪ್ಪಳ
೧೮ ಸೆಪ್ಟೆಂಬರ್ ೨೦೨೪

ಕುಷ್ಟಗಿಯಲ್ಲಿ ಬೀಡುಬಿಟ್ಟಿರುವ ಕಾದಂಬರಿಕಾರ ಸಿದ್ದಲಿಂಗೇಶ ಯಜಮಾನರಿಗೆ, ಕೊಪ್ಪಳದ ಮನೆಯಲ್ಲೇ ಉಳಿದ ದಾನೇಶ್ವರಿಯ ನಮಸ್ಕಾರ.

ವರ್ಗವಾದ ನೆಪದಲ್ಲಿ ಹೋದವರು ಎರಡು ವರ್ಷದಿಂದ ಈ ಕಡೆ ತಲೆ ಹಾಕಿಲ್ಲ. ಕೊನೆಗೆ ಇವಳೇ ಮೊದಲು ಬರೆದಳು ಎಂದು ಮೀಸೆ ತಿರುವಬೇಡಿ, ಇದು ವ್ಯವಹಾರದ ಕಾಗದ. ನಿಮ್ಮ ಯುದ್ಧದ ಕಾದಂಬರಿಯ ಒಂದು ಭಾಗವನ್ನು ಸಣ್ಣಕಥೆ ಮಾಡಿಕೊಡಿ ಎಂದು ದೀಪಾವಳಿ ವಿಶೇಷಾಂಕದವರು ನನ್ನನ್ನು ಕೇಳಿದ್ದಾರೆ. ನಿಮ್ಮ ಒಪ್ಪಿಗೆ ಬೇಕು. ಕಥೆಯಂತೂ ಆಗಿದೆ ರೀ! ಖುಷಿಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿಲ್ಲ.

ಮೊದಲು ನಿಮ್ಮ ಫಿರಂಗಿಗಳನ್ನೆಲ್ಲ ಕಿತ್ತುಹಾಕಿದೆ. ಆಮೇಲೆ ಸೇನಾಪತಿಗಳನ್ನು, ಅವರ ಕುದುರೆಗಳನ್ನು, ಆ ಕುದುರೆಗಳ ವಂಶಾವಳಿಯನ್ನು. ಉಳಿದವಳು ಮಾರೆವ್ವ. ನೆನಪಿದ್ದಾಳೆಯೇ? ಮುತ್ತಿಗೆಗೆ ಸಿಕ್ಕ ಕೋಟೆಯೊಳಗಿನ ಗಂಡನಿಗೆ, ಬಂಡೆಗಳ ಸಂದಿಯಲ್ಲಿ ಕದ್ದು ಹತ್ತಿ ರೊಟ್ಟಿಬುತ್ತಿ ಮುಟ್ಟಿಸುವವಳು. ಅವಳ ಪಾಲಿಗೆ ನೀವು ಕೊಟ್ಟದ್ದು ಒಂದೇ ಪ್ಯಾರಾ. ಗಂಡ ಉಂಡು, ಬುತ್ತಿಬಟ್ಟೆಯನ್ನು ಖಾಲಿ ಕೊಟ್ಟು ಕಳಿಸಿದನಂತೆ.

ಖಾಲಿ! ಓದಿ ಹಣೆ ಚಚ್ಚಿಕೊಂಡೆ. ಈ ಸೀಮೆಯಲ್ಲಿ ಹುಟ್ಟಿದವರು ಬರೆಯುವ ಮಾತೇ ಇದು? ನಮ್ಮಲ್ಲಿ ಬುತ್ತಿಬಟ್ಟೆಯನ್ನು ಬರಿದಾಗಿ ಯಾರು ಹಿಂದಿರುಗಿಸುತ್ತಾರೆ? ಹಿಡಿ ಜೋಳವನ್ನಾದರೂ ಕಟ್ಟಿ ಕೊಡುತ್ತಾರೆ. ತಿದ್ದಲೆಂದು ಪೆನ್ನು ಎತ್ತಿದವಳು ಹಾಗೇ ಕುಳಿತೆ. ಮಾರೆವ್ವನ ಗಂಡನೂ ಇಲ್ಲಿಯವನೇ, ರೂಢಿ ಬಲ್ಲವನು. ಖಾಲಿ ಕೊಟ್ಟನೆಂದರೆ ಕೋಟೆಯಲ್ಲಿ ಹಿಡಿ ಕಾಳೂ ಉಳಿದಿಲ್ಲ! ನಿಮ್ಮ ತಪ್ಪೇ ನನ್ನ ಕಥೆಯಾಯಿತು.

ಕೇಳಿ. ಇಳಿಯುವಾಗ ಮಾರೆವ್ವನಿಗೆ ಇದು ಹೊಳೆಯುತ್ತದೆ. ಕೆಳಗೆ ವೈರಿಗಳ ಕಾವಲುಗಾರ ಜಿಲಾನಿ, ಅವನೂ ಇದೇ ಸೀಮೆಯವನು. ಬರಿದಾದ ಬಟ್ಟೆ ಕಂಡರೆ ಅವನಿಗೂ ಗುಟ್ಟು ತಿಳಿದು, ಮಾರನೆಯ ದಿನವೇ ಲಗ್ಗೆ. ಎಸೆದುಬಿಡಲೇ ಎಂದುಕೊಂಡವಳಿಗೆ ಇನ್ನೂ ಮೇಲಾದ ಉಪಾಯ ತೋಚುತ್ತದೆ. ಬೆಳಿಗ್ಗೆ ಗುಡಿಯಲ್ಲಿ ತುಂಬಿದ ಉಡಿಯಕ್ಕಿ ಸೆರಗಿನಲ್ಲೇ ಇದೆ. ಅದನ್ನೇ ಬಟ್ಟೆಗೆ ಸುರಿದು ಗಂಟು ಹಾಕುತ್ತಾಳೆ. ಇಳಿದವಳನ್ನು ಜಿಲಾನಿ ತಡೆದು, ಗಂಟು ಬಿಚ್ಚಿ ನೋಡಿ ಬೆರಗಾಗುತ್ತಾನೆ: "ಮ್ಯಾಲೆ ಇನ್ನೂ ಅಕ್ಕಿ ಐತೇನಬೇ?"

"ದಿನಾ ಅನ್ನ ಉಂಡು ಬ್ಯಾಸರಾಗೇತ್ರಿ ಅವಗ. ಅದಕ್ಕ ರೊಟ್ಟಿ ಒಯ್ದಿದ್ದೆ" ಅನ್ನುತ್ತಾಳೆ ಮಾರೆವ್ವ. ಬರೆಯುತ್ತಾ ಒಬ್ಬಳೇ ಚಪ್ಪಾಳೆ ತಟ್ಟಿದೆ! ಸುದ್ದಿ ಪಾಳೆಯವನ್ನೆಲ್ಲ ಸುತ್ತುತ್ತದೆ, ಇವರು ಇನ್ನೊಂದು ವರ್ಷಕ್ಕೂ ಬಗ್ಗುವವರಲ್ಲ ಎಂದು ವೈರಿಯೇ ಸಂಧಾನಕ್ಕೆ ಬರುತ್ತಾನೆ.

ನಿಮ್ಮ ಪುಸ್ತಕದಲ್ಲಿ ಕೋಟೆ ಬಿದ್ದು ಆ ಗಂಡ ಸಾಯುತ್ತಾನೆ. ನನ್ನ ಕಥೆಯಲ್ಲಿ ಅವನು ಬಾಗಿಲು ತೆರೆದು ಮನೆಗೆ ಬರುತ್ತಾನೆ. ಗೆದ್ದವರು ಯಾರು ಎಂಬ ಲೆಕ್ಕ ನಿಮಗಿರಲಿ. ಎರಡು ವರ್ಷ ಒಬ್ಬಳೇ ಉಂಡವಳಿಗೆ ಅವನು ಬಂದರೆ ಸಾಕು ಅನ್ನಿಸಿತು. ಈ ಬದಲಾವಣೆಗೆ ನೀವು ಒಪ್ಪದಿದ್ದರೆ ಕಥೆಯನ್ನೇ ಹಿಂತೆಗೆದುಕೊಳ್ಳುತ್ತೇನೆ.

ಇಂತಿ,
ನಿಮ್ಮ ಫಿರಂಗಿಗಳ ವೈರಿ,
ದಾನೇಶ್ವರಿ

ತಾ.ಕ.: ನಿಮ್ಮ ಒಪ್ಪಿಗೆ ಆಗಲೇ ಸಿಕ್ಕಿದೆ. ಸಂಪಾದಕರು ಮೊನ್ನೆಯೇ ಫೋನ್ ಮಾಡಿದ್ದರು: "ಅಕಿ ಹೆಂಗ ಬರದ್ರೂ ಛಲೋನ ಬರದಿರ್ತಾಳ, ಹಾಕ್ರಿ ಅಂದಾರ್ರಿ ನಿಮ್ಮ ಯಜಮಾನ್ರು." ಕಥೆ ಅಚ್ಚಿಗೂ ಹೋಯಿತು. ಆದರೂ ಈ ಕಾಗದ ಬರೆದೆ. ಬರ್ರಿ.