ಅರವತ್ತರ ಬಿಲ್ಲೆ

ಬುಧವಾರ, ಮಾರ್ಚ್ ೧೨

ಬೆಳಿಗ್ಗೆ ಗಡಸುತನ ಅಳೆಯುವ ಯಂತ್ರದ ತಾಳೆ ನೋಡಲು ಅರವತ್ತರ ಬಿಲ್ಲೆ, ಅಂದರೆ ಗಡಸುತನ ಅರವತ್ತೆಂದು ಮೊದಲೇ ಗೊತ್ತಿರುವ ಉಕ್ಕಿನ ತುಂಡು, ಇಟ್ಟು ಒತ್ತಿದೆ. ಮೂಡಿದ ಚುಕ್ಕೆ ದುಂಡಗಿರಲಿಲ್ಲ, ಇಲಿ ಕಚ್ಚಿದಂತೆ ಒಂದಂಚು ಮುಕ್ಕಾಗಿತ್ತು. ಮುಳ್ಳು ಅರವತ್ತೆರಡಕ್ಕೆ ನಿಂತಿತ್ತು. ಒತ್ತುವ ವಜ್ರದ ಮೊನೆಯೇ ಮುರಿದಿದೆ. ಅದು ಆಳಕ್ಕಿಳಿಯದಿದ್ದರೆ ಮೆದು ಉಕ್ಕೂ ಗಟ್ಟಿಯೆಂದು ಪಾಸಾಗುತ್ತದೆ.

ಮೇಸ್ತ್ರಿಯನ್ನು ಕರೆದೆ. ಅವರು ಬಿಲ್ಲೆಯನ್ನು ಮಗುಚಿಟ್ಟು ಒತ್ತಿದರು. ಸರಿಯಾಗಿ ಅರವತ್ತು!

"ನೋಡಮ್ಮ, ಕಾದಂಬರಿ ಓದಿ ಡಿಗ್ರಿ ತಗೊಂಡೋರಿಗೆ ಚುಕ್ಕೇಲೂ ಕಥೆ ಕಾಣುತ್ತೆ" ಎಂದು ನಕ್ಕರು.

"ಸಾರ್, ಹಳೇ ಚುಕ್ಕೆಗಳ ಅಂಚು ಉಬ್ಬಿರುತ್ತೆ. ಮಗುಚಿಟ್ರೆ ಬಿಲ್ಲೆ ಅದರ ಮೇಲೆ ಕೂತು ಕುಸಿಯುತ್ತೆ, ಮೊನೆ ಜಾಸ್ತಿ ಇಳಿದಂಗೆ ತೋರ್ಸುತ್ತೆ, ಅದಕ್ಕೇ ಕಮ್ಮಿ ಬಂತು." ಹೇಳಿದೆನೋ ಗೊಣಗಿದೆನೋ.

"ಲಿಫ್ಟಿನ ಪಿನ್ನು ನಾಳೆ ಹೋಗ್ಲೇಬೇಕು. ರಿಜಿಸ್ಟರಿಗೆ ಸೈನ್ ಹಾಕು ತಾಯಿ."

ಪೆನ್ನು ಬರೆಯುತ್ತಿಲ್ಲ, ನಾಳೆ ಹಾಕುತ್ತೇನೆ ಎಂದು ಸುಳ್ಳು ಹೇಳಿ ಬಂದೆ. ಅದೊಂದೇ ನಾಚಿಕೆ.

ಅಣ್ಣನಿಗೆ ಹೇಳಿದರೆ, "ಕೆಲಸ ಇನ್ನೂ ಕಾಯಂ ಆಗಿಲ್ಲ ಕಣೇ, ಬಾಯಿ ಮುಚ್ಕೊಂಡಿರು" ಎಂದ. ಬಾಯಿ ಮುಚ್ಚಿಕೊಂಡೇ ಇದ್ದೇನೆ, ಹುಟ್ಟಿದಾಗಿನಿಂದ. ಆದರೆ ಎರಡು ತಪ್ಪು ಸೇರಿ ಬಂದ ಅರವತ್ತು ಅರವತ್ತಲ್ಲ. ಆ ಪಿನ್ನು ನಂಬಿ ಯಾರೋ ಲಿಫ್ಟಿನೊಳಗೆ ಮಗುವನ್ನೆತ್ತಿಕೊಂಡು ನಿಲ್ಲುತ್ತಾರೆ. ಉಕ್ಕಿಗೆ ನನ್ನ ಡಿಗ್ರಿ ಯಾವುದೆಂದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ನನ್ನದು ಇರುವೆ ಸಾಲಿನಂಥ ಅಕ್ಷರ, ಭೂತಗನ್ನಡಿ ಬೇಕು ಎಂದು ಎಲ್ಲರೂ ಆಡಿಕೊಳ್ಳುತ್ತಾರೆ. ನಾಳೆ ರಿಜಿಸ್ಟರಿನಲ್ಲಿ ಸಹಿಯ ಜಾಗದಲ್ಲಿ ದಪ್ಪಕ್ಷರದಲ್ಲಿ ಬರೆಯುತ್ತೇನೆ: ಅರವತ್ತೆರಡು ಬಂದಿದೆ, ಮೊನೆ ಮುರಿದಿದೆ, ಹೊಸದು ಹಾಕಿ ಎಲ್ಲ ಪಿನ್ನುಗಳನ್ನೂ ಮತ್ತೆ ಅಳೆಯಬೇಕು. ಸಹಿ ಆಮೇಲೆ.