ಅಪ್ಪ ಆಡದ ಮಾತು

ಹರಿಹರ
೩ ಫೆಬ್ರುವರಿ ೨೦೨೫

ಪ್ರೀತಿಯ ಅವ್ವನಿಗೆ,

ಭಾಗ್ಯಲಕ್ಷ್ಮಿಯ ನಮಸ್ಕಾರ. ಫೋನಿನಲ್ಲಿ ನನ್ನ ಮಾತು ಪೂರ್ತಿಯಾಗಲು ನೀನು ಬಿಡುವುದಿಲ್ಲ, ಅದಕ್ಕೇ ಈ ಕಾಗದ.

ಸಂಗೀತ ಸಭೆಯ ನಿಂಗಪ್ಪನವರು ನಿನ್ನೆ ಮನೆಗೆ ಬಂದಿದ್ದರು. ಮುಂದಿನ ಭಾನುವಾರ ದಾವಣಗೆರೆಯಲ್ಲಿ ನಿನಗೆ ಸನ್ಮಾನವಂತೆ. "ನಿಮ್ಮ ತಾಯಿಯೋರ ಪಿಟೀಲು ಅಂದ್ರೆ ನಮಗೆಲ್ಲ ಹೆಮ್ಮೆ ಐತ್ರಿ. ತಂದೆಯೋರು ಕಡೀಗೆ ಆಡಿದ ಮಾತು ನೀವೇ ವೇದಿಕೆ ಮ್ಯಾಲೆ ಹೇಳ್ಬೇಕ್ರಿ" ಎಂದರು. ನನ್ನ ಹೆಸರು ಸೂಚಿಸಿದವಳು ನೀನೇ ಅಂತೆ.

ಆ ಮಾತು ಈಗ ಎಲ್ಲರಿಗೂ ಬಾಯಿಪಾಠ. ಗಂಡ ಸಾಯುತ್ತಿದ್ದಾನೆಂದು ತಿಳಿದೂ ನೀನು ಮೈಸೂರಿನಲ್ಲಿ ಕಛೇರಿ ನಡೆಸಿದೆ, ಏಕೆಂದರೆ "ಕಛೇರಿ ನಿಲ್ಲಿಸಬೇಡ" ಎಂಬುದೇ ಅವರ ಕೊನೆಯ ಮಾತು. ಪ್ರತಿ ಸಂದರ್ಶನದಲ್ಲೂ ಇದನ್ನು ಹೇಳಿ ಕಣ್ಣೊರೆಸಿಕೊಳ್ಳುತ್ತೀಯ.

ಹಾಸಿಗೆಯ ಪಕ್ಕ ಇದ್ದವಳು ನಾನು. ಅಪ್ಪ ಹಾಗೆ ಹೇಳಲೇ ಇಲ್ಲ. ಬಾಗಿಲು ಸದ್ದಾದಾಗಲೆಲ್ಲ "ನಿಮ್ಮವ್ವ ಬಂದ್ಲೇನು" ಎನ್ನುತ್ತಿದ್ದರು. ನಾನು ಫೋನ್ ಮಾಡಿ ಬಾ ಎಂದರೆ, ಟಿಕೆಟ್ ಮಾರಿಯಾಗಿದೆ ಎಂದೆ ನೀನು. ಸಂಜೆ ಅಪ್ಪನ ಬೆರಳುಗಳು ಹೊದಿಕೆಯ ಮೇಲೆ ತಂಬೂರಿ ಮೀಟುತ್ತಿದ್ದವು. ಮದುವೆಯಾದಂದಿನಿಂದ ನಿನ್ನ ಬೆನ್ನ ಹಿಂದೆ ಕೂತು ಶ್ರುತಿ ಹಿಡಿದವರು. ಕಛೇರಿ ಶುರುವಾಗುವ ಹೊತ್ತು ಅವರಿಗೆ ಗೊತ್ತಿತ್ತು. ನಿನ್ನ ಫೋಟೋಗಳಲ್ಲಿ ಅವರ ಮೊಣಕೈ ಮಾತ್ರ ಸಿಗುತ್ತದೆ. ಅದಕ್ಕಾಗಿ ಅವರು ಒಮ್ಮೆಯೂ ಗೊಣಗಲಿಲ್ಲ, ನೋಡಿದರೆ ನನಗೇ ಹೊಟ್ಟೆ ಉರಿಯುತ್ತದೆ.

ನೀನು ಬರದಿದ್ದುದನ್ನು ಹೇಗೋ ನುಂಗಿಕೊಂಡೆ, ಅವ್ವ. ಅದಕ್ಕೊಂದು ನೆಪ ಕಟ್ಟಿ ಸತ್ತವರ ಬಾಯಿಗೆ ಹಾಕಿ ಚಪ್ಪಾಳೆ ಗಿಟ್ಟಿಸಿಕೊಂಡೆಯಲ್ಲ, ಅದು ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ.

ಭಾನುವಾರ ನಾನು ಬರುವುದಿಲ್ಲ. ಬಂದರೆ ನಿಜ ಹೇಳಿಬಿಡುತ್ತೇನೆ. ವೇದಿಕೆಯ ಮೇಲಿಟ್ಟು ಹಾರ ಹಾಕಲು ಅಪ್ಪನ ತಂಬೂರಿ ಬೇಕೆಂದೂ ಹೇಳಿಕಳಿಸಿದ್ದೀಯ. ಅವರು ಒರಗಿಸಿಟ್ಟ ಮೂಲೆಯಲ್ಲೇ ಅದು ಇದೆ. ಬೇಕಿದ್ದರೆ ನೀನೇ ಬಂದು ಒಯ್ಯಿ; ದಾವಣಗೆರೆಯಿಂದ ಹರಿಹರಕ್ಕೆ ಅರ್ಧ ಗಂಟೆಯ ದಾರಿ. ಬಂದರೆ ಬಿಸಿ ರೊಟ್ಟಿ ಮಾಡಿಕೊಡುತ್ತೇನೆ. ಆ ಸುಳ್ಳನ್ನು ಮಾತ್ರ ನನ್ನಿಂದ ಹೇಳಿಸಬೇಡ.

ಆರೋಗ್ಯ ನೋಡಿಕೋ.

ಇಂತಿ ನಿನ್ನ ಮಗಳು,
ಭಾಗ್ಯ

ತಾ.ಕ.: ಅಪ್ಪ ಕೊನೆಗೆ ಹೇಳಿದ್ದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. "ನಿಮ್ಮವ್ವ ಬಂದು ಅತ್ರೆ, ನಾನೇ ಬರಬ್ಯಾಡ ಅಂದಿದ್ದೆ ಅಂತ ಹೇಳವ್ವ" ಎಂದಿದ್ದರು. ನೀನು ಬಂದ ಮೇಲೆ ಪಕ್ಕದಲ್ಲೇ ಕೂತು ಕಾದೆ. ನೀನು ಅಳಲಿಲ್ಲ. ಕಛೇರಿ ನಿಲ್ಲಿಸಬೇಡ ಎಂದು ಅವರೇ ಹೇಳಿದ್ದರೆಂದು ಪಡಸಾಲೆಯಲ್ಲಿ ಕೂತವರಿಗೆ ಆಗಲೇ ನೀನೇ ಹೇಳುತ್ತಿದ್ದೆ.