ಹನ್ನೊಂದು ತಿಂಗಳ ಮಾಲಕಿ

ಮೇ ೨೭, ಸೋಮವಾರ. ಬೆಳಿಗ್ಗೆ ೯

ನಳ ಬಂತು. ಹದಿಮೂರನೇ ದಿನಕ್ಕೆ. ಟಾಕಿ, ಬ್ಯಾರಲ್, ಕೊಡ, ಕೊನೆಗೆ ಚಹಾದ ಪಾತ್ರೆ ಸಹ ತುಂಬಿದ್ದಾಯಿತು. ಸೊಂಟ ಬಿದ್ದುಹೋಗಿದೆ. ಕೊನೆಯ ಕೊಡ ಎತ್ತುವಾಗ ಕಿಶೋರ ಎದ್ದು ಬಂದು, "ಏನರ ಮಾಡ್ಲೇನು?" ಅಂದ. ಗಂಡ ಅಂತ ಬಿಟ್ಟೆ.

ನಾಗಾವಿ ದಾರಿಯ ನಮ್ಮ ಹೊಸ ಮನೆಗೆ ನಿನ್ನೆ ಬಣ್ಣ ಮುಗಿಯಿತು. ಇಪ್ಪತ್ತೆರಡು ವರ್ಷ ಊರಿನವರ ಸೀರೆಗೆ ಫಾಲ್-ಪೀಕೋ ಹೊಡೆದು ಕಟ್ಟಿದ ಮನೆ. ನಾವು ಅಲ್ಲಿಗೆ ಹೋಗುವುದಿಲ್ಲ. ಬಾಡಿಗೆಗೆ ಕೊಡುವುದು, ಆ ಬಾಡಿಗೆ ಬ್ಯಾಂಕಿನ ಕಂತಿಗೆ. ನಾವು ಇಲ್ಲೇ, ಬೆಟಗೇರಿಯಲ್ಲಿ, ಅನ್ನಪೂರ್ಣವ್ವನವರ ಮನೆಯ ಹಿಂಭಾಗದಲ್ಲಿ — ಹತ್ತೊಂಬತ್ತು ವರ್ಷದಿಂದ ಇದ್ದ ಹಾಗೆ. ನನ್ನ ಅಂಗಡಿಗೆ ಇಲ್ಲಿಂದ ಐದು ನಿಮಿಷ. ಅಂದರೆ ಅಲ್ಲಿ ಮಾಲಕಿ, ಇಲ್ಲಿ ಬಾಡಿಗೆಯವಳು.

ಮೊಬೈಲಿನಲ್ಲಿ ಒಬ್ಬ ಟೈ ಕಟ್ಟಿದವನ ವಿಡಿಯೋ ನೋಡುತ್ತಿದ್ದೇನೆ. ಹೊಸ ಮಾಲಕರು ಮಾಡುವ ತಪ್ಪುಗಳು. ಬರೆದಿಟ್ಟದ್ದು: ಮುಖ ನೋಡಿ ಮನೆ ಕೊಡಬೇಡಿ, ಕಾಗದಪತ್ರ ನೋಡಿ ಕೊಡಿ. ಹನ್ನೊಂದು ತಿಂಗಳ ಅಗ್ರಿಮೆಂಟ್. ವರ್ಷಕ್ಕೆ ಹತ್ತು ಪರ್ಸೆಂಟ್ ಏರಿಕೆ. ಕೇಳದೆ ಗೋಡೆಗೆ ಒಂದು ಮೊಳೆಯೂ ಇಲ್ಲ. ಆಗಾಗ ಹೋಗಿ ತಪಾಸಣೆ. ಬಾಡಿಗೆದಾರರು ಕೊಟ್ಟ ತಿಂಡಿ ಮುಟ್ಟಬೇಡಿ, ತಿಂದ ಮೇಲೆ ಬಾಡಿಗೆ ಏರಿಸಲು ನಾಲಿಗೆ ಏಳುವುದಿಲ್ಲ...

ಎಲ್ಲಾ ಖರೆ ಅನ್ನಿಸಿತು.

ಜೂನ್ ೨, ಭಾನುವಾರ

ಮನೆ ನೋಡಲು ನಾಲ್ಕು ಜನ. ಒಬ್ಬ ದಿಕ್ಸೂಚಿ ಹಿಡಿದು ಮನೆಯೆಲ್ಲ ಸುತ್ತಿ, ಪಾಯಖಾನೆಯಲ್ಲಿ ಐದು ನಿಮಿಷ ನಿಂತು, ತಲೆ ಅಲ್ಲಾಡಿಸಿ ಹೋದ. ಇನ್ನೊಬ್ಬನಿಗೆ ಎಮ್ಮೆ ಕಟ್ಟಲು ಜಾಗ ಬೇಕಿತ್ತು. ಮೊದಲ ಮಹಡಿಯಲ್ಲಿ.

ಕೊನೆಗೆ ಬಂದವರು ನೂರೀನ ಮತ್ತು ಅವಳ ಗಂಡ ಶಫೀಕ. ಲಕ್ಷ್ಮೇಶ್ವರದವರು. ಅವಳು ನಾಗಾವಿ ಯೂನಿವರ್ಸಿಟಿಯಲ್ಲಿ ಗೆಸ್ಟ್ ಲೆಕ್ಚರರ್. ಅವನಿಗೆ ಮುಂಡರಗಿಯಲ್ಲಿ ಬೀಜದ ಕಂಪನಿಯ ಕೆಲಸ. ನಾನು ಹದಿನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಚೀಟಿ ಬಿಚ್ಚುವ ಮೊದಲೇ ಅವಳು ಶುರು ಮಾಡಿದಳು.

"ಅಕ್ಕಾರ, ನಳ ಎಷ್ಟ ದಿನಕ್ಕ ಬರ್ತೇತ್ರಿ? ಟಾಕಿ ಎಷ್ಟ ಲೀಟರದ್ದು? ಬೋರ್ ಐತೇನ್ರಿ? ಕರೆಂಟ್ ಮೀಟರ್ ಬ್ಯಾರೆ ಐತೋ ಹೆಂಗ? ಮಳಿ ಬಂದ್ರ ಮುಂದ ನೀರ ನಿಂದರ್ತಾವೇನು?"

ಉತ್ತರ ಹೇಳಿ ಹೇಳಿ ಗಂಟಲು ಒಣಗಿತು. ಯಾರು ಯಾರನ್ನು ಇಂಟರ್‌ವ್ಯೂ ಮಾಡಿದರೋ. ಹೊರಡುವಾಗ ಅವಳು ಮೆಲ್ಲಗೆ ಅಂದಳು, "ಮೂರ ಕಡೆ ನನ್ನ ಹೆಸರ ಕೇಳಿದ ಮ್ಯಾಲ 'ಮನಿ ಆಗಿಹೋತು' ಅಂದ್ರು. ನೀವು ಹೆಸರ ಕೇಳಿದ ಮ್ಯಾಲೂ ಟಾಕಿ ತೋರಿಸಿದ್ರಿ."

ಆ ಮೂರು ಮನೆಯವರ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮನೆ ನಿಮಗೇ ಅಂದುಬಿಟ್ಟೆ. ಕಾಗದಪತ್ರ ಕೇಳುವುದು ಮರೆತೇಹೋಯಿತು. ಮುಖ ನೋಡಿಯೇ ಕೊಟ್ಟೆ. ಮೊದಲ ತಪ್ಪು ಮೊದಲ ದಿನವೇ.

ಜೂನ್ ೫, ಬುಧವಾರ

ಹೊನ್ನೇಶನ ಅಂಗಡಿಯಲ್ಲಿ ಅಗ್ರಿಮೆಂಟ್. ಬಾಂಡ್ ಬರೆಯುವುದು ಅವನ ಕೆಲಸ. ನನ್ನ ಕರಾರುಗಳನ್ನು ಓದಿ, "ಅಕ್ಕಾ, ಇದು ಬಾಡಿಗಿ ಕಾಗದನೋ ಜೈಲಿನ ಕಾನೂನೋ?" ಅಂದ. ನಿನ್ನ ಕೆಲಸ ಟೈಪ್ ಮಾಡುವುದು, ಮಾಡು ಅಂದೆ.

ನೂರೀನ ತಾನೂ ಒಂದು ಸೇರಿಸಿದಳು: ಹನ್ನೊಂದು ತಿಂಗಳು ಮುಗಿಯುವ ತನಕ ಮಾಲಕರು ಮನೆ ಬಿಡಿ ಅನ್ನುವಂತಿಲ್ಲ. ಎಲ್ಲಿ ಕಲಿತೆ ಇದನ್ನು ಅಂತ ಕೇಳಿದೆ.

"ವಿಡಿಯೋದಾಗ ರೀ. ಟೈ ಕಟ್ಕೊಂಡಾವ ಒಬ್ಬಾವ ಅದಾನ."

ಬಾಡಿಗೆದಾರರಿಗೆ ಅಂತ ಅವನದು ಬೇರೆ ಚಾನೆಲ್ ಇದೆಯಂತೆ! ಸಹಿ ಹಾಕಿದೆ. ಹಾಕದೆ ಏನು ಮಾಡಲಿ.

ಜೂನ್ ೬, ಗುರುವಾರ. ಸಂಜೆ

ಅನ್ನಪೂರ್ಣವ್ವನವರ ಕಟ್ಟೆಯ ಮೇಲೆ ಒಂದು ತಾಸು. ಅವರಿಗೆ ಎಂಬತ್ತು ಹತ್ತಿರ. ಮಗ ಚನ್ನಬಸವಣ್ಣ ಕಾಳಿನ ವ್ಯಾಪಾರಿ, ಪೇಟೆಯಲ್ಲಿ ದೊಡ್ಡ ದನಿ. ಮನೆಯಲ್ಲಿ ಮಾತು ತಾಯಿಯದೇ.

ಹೊಸ ಮನೆಯ ಸುದ್ದಿ ಕೇಳಿದರು. ಕೇಳಿದ್ದೇ ತಡ, ನಾನು ವಿಡಿಯೋದವನಂತೆ ಪಾಠ ಶುರು ಮಾಡಿದೆ. ಅಗ್ರಿಮೆಂಟ್, ತಪಾಸಣೆ, ಮೊಳೆ, ತಿಂಡಿ. "ಬಾಡಿಗಿ ಏರಿಸಲಾರದ ಮಾಲಕರು ಹುಚ್ಚರ್ರೀ ಅವ್ವಾರ. ತಮ್ಮ ಮನ್ಯಾಗ ಮಂದೀನ ಕುಂಡರಿಸಿ ಸಾಕಿದಂಗ."

"ಹೌದನಬೇ?"

"ಹೌದ್ರಿ."

"ಇನ್ನೊಮ್ಮೆ ಹೇಳು. ಮೊಳಿದು ಏನಂದಿ?"

ಇನ್ನೊಮ್ಮೆ ಹೇಳಿದೆ. ಬೆರಳು ಮಡಚುತ್ತಾ ಕೇಳಿದರು. ಒಳಗೆ ಕಿಶೋರ ಎರಡು ಸಲ ಜೋರಾಗಿ ಕೆಮ್ಮಿದ. ಕಫ ಆಗಿರಬೇಕು, ನಾಳೆ ಕಷಾಯ ಮಾಡಬೇಕು.

ಜೂನ್ ೭, ಶುಕ್ರವಾರ. ಬೆಳಿಗ್ಗೆ ೬

ಅಯ್ಯೋ.

ಹಲ್ಲು ಉಜ್ಜುವಾಗ ಹೊಳೆಯಿತು. ಅನ್ನಪೂರ್ಣವ್ವನವರು ನಮ್ಮ ಬಾಡಿಗೆ ಏರಿಸಿ ಒಂಬತ್ತು ವರ್ಷವಾಯಿತು.

ಜೂನ್ ೧೭, ಸೋಮವಾರ

ಬಕ್ರೀದ್. ನೂರೀನ ಅಂಗಡಿಗೇ ಬಂದಳು, ಶ್ಯಾವಿಗೆಯ ಸುರಕುಂಬಾದ ಡಬ್ಬಿ ಹಿಡಿದು. ಮುಚ್ಚಳ ತೆಗೆಯದಿದ್ದರೂ ತುಪ್ಪದ ವಾಸನೆ ಮಷಿನ್ ತನಕ ಬಂತು. ಬೇಡ, ರೂಲ್ಸ್ ಅಂದೆ.

"ಕಾಗದದಾಗ ಹಂಗ ಬರದಿಲ್ಲಲ್ರಿ ಅಕ್ಕಾರ?"

"ಕಾಗದದಾಗ ಇಲ್ಲವಾ. ಮನಸ್ಸಿನ್ಯಾಗ ಐತಿ."

ನಕ್ಕಳು. ಡಬ್ಬಿ ತೆಗೆದುಕೊಂಡು ಹೋದಳು. ಆ ನಗು ಸರಿ ಇರಲಿಲ್ಲ. ಮಧ್ಯಾಹ್ನ ಒಂದು ಸೀರೆಗೆ ಫಾಲ್ ಉಲ್ಟಾ ಹಚ್ಚಿದೆ. ಬಿಚ್ಚಿ ಮತ್ತೆ ಹಚ್ಚಿದೆ.

ಜೂನ್ ೨೩, ಭಾನುವಾರ

ಬೆಳಿಗ್ಗೆ ಬಾಗಿಲು ಬಡಿದ ಸದ್ದು. ನೋಡಿದರೆ ಅನ್ನಪೂರ್ಣವ್ವನವರು. ಕೈಯಲ್ಲಿ ಬಡಿಗೆ, ಕಣ್ಣಿಗೆ ಚನ್ನಬಸವಣ್ಣನ ಕನ್ನಡಕ.

"ತಪಾಸಣಿಗೆ ಬಂದೇನಿ."

ಹತ್ತೊಂಬತ್ತು ವರ್ಷದಲ್ಲಿ ಅವರು ಈ ಬಾಗಿಲು ಬಡಿದದ್ದೇ ಇಲ್ಲ. ಸುಮ್ಮನೆ ಒಳಗೆ ಬಂದು ಅಡುಗೆಮನೆಯಲ್ಲಿ ಕೂರುತ್ತಿದ್ದರು. ಇವತ್ತು ಚಹಾ ಬೇಡ ಅಂದರು. ಬಡಿಗೆಯಿಂದ ಒಂದೊಂದೇ ಮೊಳೆ ಮುಟ್ಟಿ ಎಣಿಸಿದರು. ಕ್ಯಾಲೆಂಡರ್ ಹಿಂದಿನದನ್ನೂ ಬಿಡಲಿಲ್ಲ.

"ಅರವತ್ತೊಂದು! ಗ್ವಾಡಿ ಐತೋ ಮುಳ್ಳಹಂದಿ ಐತೋ?"

"ಅದರಾಗ ಹತ್ತು ನೀವ ನಿಂತು ಬಡಿಸಿದ್ದರೀ ಅವ್ವಾರ. ರಂಜನಾ ಹುಟ್ಟಿದಾಗ, ತೊಟ್ಟಲದ ಮ್ಯಾಲ ಗೊಂಬಿ ಕಟ್ಟಾಕ."

"ಹತ್ತ ಕಳಿ. ಐವತ್ತೊಂದು."

ಹೋಗುವಾಗ ಬಚ್ಚಲಿಗೂ ಇಣುಕಿದರು. ಕಿಶೋರ ಒಳಗಿದ್ದ.

ಜುಲೈ ೩, ಬುಧವಾರ

ನೂರೀನಳ ಫೋನು. ನಲ್ಲಿ ಸೋರುತ್ತದೆ. ಅರ್ಧ ತಾಸಿಗೆ ಮತ್ತೆ: ಅಡುಗೆಮನೆಯ ಮೋರಿ ಕಟ್ಟಿದೆ. ಸಂಜೆಗೆ: ಮೆಟ್ಟಿಲಿನ ಬಲ್ಬು. ಫೋನಿಟ್ಟು ಸಿಡಿಮಿಡಿ ಮಾಡಿದೆ. ಬಾಡಿಗೆದಾರರು ಅಂದರೆ ಇಷ್ಟೇ, ಒಂದು ಬಲ್ಬು ಹಾಕಿಕೊಳ್ಳಲು ಬರುವುದಿಲ್ಲ.

ಕಿಶೋರ ಪೇಪರ್ ಇಳಿಸಿದ. "ಹೋದ ತಿಂಗಳ ಅನ್ನಪೂರ್ಣವ್ವನವರ ಕಡೆ ಬಲ್ಬ್ ಹಾಕಿಸಿದಾಕಿ ಯಾರು?"

"ಅದು ಬ್ಯಾರೆ."

"ಹೆಂಗ ಬ್ಯಾರೆ?"

ಅಕ್ಕಿಯಲ್ಲಿ ಹರಳು ಬಹಳ ಇದ್ದವು. ಆರಿಸಲು ಕುಳಿತೆ.

ಜುಲೈ ೧೪, ಭಾನುವಾರ

ಅನ್ನಪೂರ್ಣವ್ವನವರು ಕರೆಸಿದರು. ಕಟ್ಟೆಯ ಮೇಲೆ ಕೂರು ಅನ್ನಲಿಲ್ಲ. ನಿಂತೇ ಕೇಳಿದೆ.

"ಕಲ್ಪನಾ, ನಾವೂ ಕಾಗದ ಮಾಡೂಣು. ಹನ್ನೊಂದ ತಿಂಗಳದ್ದು, ಬಾಡಿಗಿ ಹತ್ತ ಪರ್ಸೆಂಟ್ ಏರಿಸಿ. ಮುಗದ ಮ್ಯಾಲ ಖಾಲಿ ಮಾಡ್ರಿ. ನಿನಗ ಸ್ವಂತ ಮನಿ ಆಗೇತಿ, ಇನ್ನ ಹುಚ್ಚಿ ಮನ್ಯಾಗ ಯಾಕ ಇರ್ತಿ?"

ಆ ಒಂದು ಮಾತು. ತಿಂಗಳ ಮೇಲಾದರೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ನಾನು ಮಾಲಕಿಯ ಅಮಲಿನಲ್ಲಿ ಆಡಿದ್ದು, ಅವರ ಕಟ್ಟೆಯ ಮೇಲೆ ಕುಳಿತು ಅವರಿಗೇ ಆಡಿದ್ದು. ಆತ್ರಿ ಅಂತ ಹೇಳಿ ಬಂದೆ.

ಲೆಕ್ಕಕ್ಕೆ ಇದರಲ್ಲಿ ಅಳುವಂಥದ್ದೇನೂ ಇಲ್ಲ. ನಮ್ಮದೇ ಮನೆಗೆ ಹೋದರಾಯಿತು. ಆದರೆ ಹೋಗಬೇಕಾದರೆ ನೂರೀನಳಿಗೆ ಬಿಡು ಅನ್ನಬೇಕು. ಅವಳು ಮತ್ತೆ ಬಾಗಿಲು ಬಾಗಿಲಿಗೆ ಹೋಗಿ ಹೆಸರು ಹೇಳಬೇಕು. ಬ್ಯಾಂಕಿನ ಕಂತೂ ನಮ್ಮ ತಲೆಗೇ. ಅದೆಲ್ಲ ಇರಲಿ — ನನಗೆ ಇಲ್ಲಿಂದ ಹೋಗುವುದು ಬೇಡ. ಮಗಳು ರಂಜನಾಳನ್ನು ನನಗಿಂತ ಮೊದಲು ಎತ್ತಿಕೊಂಡವರು ಅವರು. ಕಿಶೋರನಿಗೆ ಕೆಲಸ ಹೋದ ವರ್ಷ ಬಾಡಿಗೆಯ ಮಾತನ್ನೇ ಎತ್ತಲಿಲ್ಲ. ನಾನು ಅಂಥವರನ್ನು ಹುಚ್ಚರು ಅಂದೆ.

ಆಗಸ್ಟ್ ೭, ಬುಧವಾರ

ಮೂರು ವಾರ ಏನೂ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಮುಂಭಾಗ ಹಿಂಭಾಗ ಮಾತಿಲ್ಲ.

ಇವತ್ತು ರೊಟ್ಟಿ ಪಂಚಮಿ, ನಾಗರ ಪಂಚಮಿಗೆ ಇನ್ನೂ ಎರಡು ದಿನ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಡಕೆಕಾಳಿನ ಪಲ್ಯ, ಶೇಂಗಾ ಚಟ್ನಿ ಬುಟ್ಟಿಗೆ ಹಾಕಿ ಮುಂಭಾಗಕ್ಕೆ ಕಳಿಸಿದೆ. ಹಬ್ಬದ ದಿನ ಯಾರೂ ಸಿಟ್ಟು ಇಟ್ಟುಕೊಳ್ಳುವುದಿಲ್ಲ ಅಂದುಕೊಂಡಿದ್ದೆ. ಹತ್ತು ನಿಮಿಷಕ್ಕೆ ಬುಟ್ಟಿ ವಾಪಸ್. ಮೇಲಿನ ಬಟ್ಟೆಯನ್ನೂ ಬಿಚ್ಚಿರಲಿಲ್ಲ. ಚನ್ನಬಸವಣ್ಣ ನೆಲ ನೋಡುತ್ತಾ ಹೇಳಿದ, "ಬಾಡಿಗಿದಾರರ ಕೈದು ತಿನ್ನಬಾರದಂತ... ಅವ್ವ ಹಂಗ ಹೇಳಂದ್ಲರಿ."

ಹತ್ತೊಂಬತ್ತು ಪಂಚಮಿಯಲ್ಲಿ ಹೀಗಾದದ್ದು ಇದೇ ಮೊದಲು. ಅಡುಗೆಮನೆಯಲ್ಲಿ ಕುಳಿತು ಅತ್ತೆ. ಅಳುವಾಗ ನೂರೀನ ಡಬ್ಬಿ ಹಿಡಿದು ಅಂಗಡಿಯ ಮೆಟ್ಟಿಲು ಇಳಿದು ಹೋದದ್ದು ಕಣ್ಣಿಗೆ ಕಟ್ಟಿತು. ಮತ್ತಷ್ಟು ಅತ್ತೆ. ಕಿಶೋರ ಪಕ್ಕದಲ್ಲಿ ಕುಳಿತು ಬುಟ್ಟಿಯ ರೊಟ್ಟಿ ತಿಂದ. ಸಮಾಧಾನ ಹೇಳುತ್ತಾನೆ ಅಂತ ಕಾದೆ.

"ಅಳೂದು ಮುಗದ ಮ್ಯಾಲ," ಅಂದ, "ಇನ್ನೊಂದೀಟು ಚಟ್ನಿ ಹಾಕು."

ಆಗಸ್ಟ್ ೯, ಶುಕ್ರವಾರ

ಪಂಚಮಿ. ಬೆಳಿಗ್ಗೆಯೇ ಎರಡು ಡಬ್ಬಿ ಉಂಡಿ ಹಿಡಿದು ನಾಗಾವಿ ದಾರಿಗೆ ಹೋದೆ. ಬಾಗಿಲು ತೆಗೆದ ನೂರೀನ ಡಬ್ಬಿ ನೋಡಿ, "ಇದು ಕಾಗದದಾಗ ಐತೇನ್ರಿ ಅಕ್ಕಾರ?" ಅಂದಳು. ನಾನು ಮುಚ್ಚಳ ತೆಗೆಯುವುದರೊಳಗೆ ಒಂದು ಶೇಂಗಾ ಉಂಡಿ ಅವಳ ಬಾಯಲ್ಲಿತ್ತು. ಆ ದಿನದ ಸುರಕುಂಬಾ ಹೇಗಿತ್ತು ಅಂತ ಕೇಳಿದೆ. ನಾಲ್ಕು ದಿನ ಶಫೀಕನಿಗೇ ತಿನ್ನಿಸಿದಳಂತೆ. ಇಬ್ಬರೂ ನಕ್ಕೆವು. ಈ ಸಲದ ನಗು ಸರಿ ಇತ್ತು.

ಬಂದವಳು ಮನೆಗೆ ಹೋಗದೆ ನೇರ ಕಟ್ಟೆಗೆ. ಇನ್ನೊಂದು ಡಬ್ಬಿ ಅನ್ನಪೂರ್ಣವ್ವನವರ ಮುಂದಿಟ್ಟು ಹೇಳಿಬಿಟ್ಟೆ, "ತಪ್ಪಾತ್ರಿ ಅವ್ವಾರ. ನಿಮ್ಮನ್ನ ಹುಚ್ಚರು ಅಂದೆ. ನಾ ಹಂಗ ಅನ್ನಬಾರದಿತ್ತು."

ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ನೀ ಅಂದದ್ದು ಖರೇನ ಐತಿ. ನಾ ಹುಚ್ಚೀನ. ವರ್ಷಾ ವರ್ಷಾ ಬಾಡಿಗಿ ಏರಿಸಿದ್ರ ನಾಗಾವಿ ದಾರ್ಯಾಗ ನಿನ್ನ ಮನಿ ಹೆಂಗ ಏಳ್ತಿತ್ತು?"

ಇದನ್ನು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಒಂದು ದಿನವೂ! ನನ್ನ ಮಷಿನ್, ನನ್ನ ಕಾಲು, ನನ್ನ ದುಡಿಮೆ ಅಂತ ತಿರುಗಿದ್ದೇ ಬಂತು. ನಾಚಿಕೆಯಾಗಿ ಅಲ್ಲೇ ಕಟ್ಟೆಯ ಮೇಲೆ ಕುಳಿತೆ. ಅವರು ಡಬ್ಬಿ ತೆಗೆದು ಒಂದು ಉಂಡಿ ಬಾಯಿಗೆ ಹಾಕಿಕೊಂಡರು. ಬೆಲ್ಲ ಕಡಿಮೆ ಅಂದರು.

"ಹತ್ತ ಪರ್ಸೆಂಟ್ ಬಿಡೂದಿಲ್ಲ. ಕಾಗದಾನೂ ಬಿಡೂದಿಲ್ಲ."

"ಹನ್ನೊಂದ ತಿಂಗಳ ಮುಗದ ಮ್ಯಾಲ್ರಿ?"

"ಆವಾಗಿಂದು ಆವಾಗ. ಚಹಾ ಇಡು ಹೋಗು."

ಆಗಸ್ಟ್ ೨೧, ಬುಧವಾರ

ಹೊನ್ನೇಶನ ಅಂಗಡಿಗೆ ಆಟೋದಲ್ಲಿ ಹೋದೆವು. ಅನ್ನಪೂರ್ಣವ್ವನವರು ಇಳಕಲ್ ಸೀರೆ ಉಟ್ಟಿದ್ದರು, ಮದುವೆಗೆ ಹೊರಟವರಂತೆ. ದಾರಿಯುದ್ದಕ್ಕೂ ಯಾವ ಅಂಗಡಿ ಹೋಗಿ ಯಾವುದು ಬಂದಿದೆ ಅಂತ ಓದಿಸಿದರು. ನನ್ನ ತಲೆಯಲ್ಲಿ ಹನ್ನೊಂದು ತಿಂಗಳದ್ದೇ ಲೆಕ್ಕ.

ಹೊನ್ನೇಶ ಹೆಸರು, ವಯಸ್ಸು ಟೈಪ್ ಮಾಡಿದ. "ಬಾಡಿಗಿದಾರರ ಖಾಯಂ ವಿಳಾಸ?"

"ನನ್ನ ಮನೀದ ಬರಿ," ಅಂದರು ಅನ್ನಪೂರ್ಣವ್ವನವರು.

"ಅಜ್ಜಿ, ಬಾಡಿಗಿ ಮನಿ ಖಾಯಂ ಹೆಂಗ ಆಗತೇತಿ? ಹನ್ನೊಂದ ತಿಂಗಳಕ್ಕ ಬಿಟ್ಟ ಹೊಕ್ಕಾರ."

"ಯಾರು ಹೊಕ್ಕಾರ?"

"ನೀವ ಹೇಳಿ ಬರಸೀರಲ್ರಿ!"

"ಕಾಗದದಾಗ ಹನ್ನೊಂದ ಇರಲಿ. ಮುಗದ ಕೂಡ್ಲೆ ಮತ್ತ ಇಬ್ಬರೂ ಬರತೀವಿ. ಮತ್ತ ಬರಿ. ನನಗೂ ಆಟೋದಾಗ ಅಡ್ಡಾಡಿದಂಗ ಆಗತೇತಿ."

ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಹೊನ್ನೇಶನ ಮುಂದೆ ಅಳುತ್ತಿದ್ದೆ. ಅವನು ಬಿಡಲಿಲ್ಲ. ಅಕ್ಕನದು ನಾಗಾವಿ ದಾರಿಯಲ್ಲಿ ಸ್ವಂತ ಮನೆ ಇದೆಯಲ್ಲ, ಖಾಯಂ ಅಂದರೆ ಅದು ಅಂದ.

"ಅಲ್ಲಿ ನೂರೀನ ಅದಾಳ. ಅದು ಆಕಿ ವಿಳಾಸ," ಅಂದರು ಅನ್ನಪೂರ್ಣವ್ವನವರು.

ಹೊನ್ನೇಶ ಕೈ ಮುಗಿದ. ಟೈಪ್ ನಿಲ್ಲಿಸಿ ಅಗ್ರಿಮೆಂಟಿನ ಖಾಲಿ ಫಾರ್ಮು ನನ್ನ ಕೈಗೇ ಕೊಟ್ಟು, ಮನೆಯಲ್ಲಿ ಕುಳಿತು ನೀವೇ ತುಂಬಿಕೊಂಡು ಬನ್ನಿ, ಈಗಿನ ವಿಳಾಸ, ಖಾಯಂ ವಿಳಾಸ ಎರಡೂ ಒಂದೇ ಆದರೆ ನನ್ನನ್ನು ಕೇಳಬೇಡಿ ಅಂದ. ಬರುವಾಗ ಗಿರಮಿಟ್ಟು ತಿಂದೆವು. ಅವರು ಎರಡು ಪ್ಲೇಟು.

ಆಗಸ್ಟ್ ೨೨, ಗುರುವಾರ. ಬೆಳಿಗ್ಗೆ ೮

ಅಂಗಡಿಗೆ ಹೊರಡುವ ಮೊದಲು ಫಾರ್ಮು ಮುಗಿಸಬೇಕು. ಅನ್ನಪೂರ್ಣವ್ವನವರು ಆಗಲೇ ಎರಡು ಸಲ ಕೂಗಿದರು. ಎಲ್ಲ ತುಂಬಿದ್ದೇನೆ, ಒಂದು ಸಾಲು ಬಾಕಿ. ಕಾನೂನು ಕಾನೂನೇ, ಸ್ವಂತ ಮನೆಯದನ್ನೇ ಬರೆಯೋಣ ಅಂತ ಪೆನ್ನು ಹಿಡಿದೆ. ಪ್ಲಾಟ್ ನಂಬರ್ ಎಷ್ಟು ಅಂತ ನೆನಪಾಗಲೇ ಇಲ್ಲ. ಕಿಶೋರನಿಗೂ ಗೊತ್ತಿಲ್ಲ. ಫೈಲ್ ತೆಗೆದು ನೋಡಬೇಕು.

ಫೈಲ್ ತೆಗೆಯಲಿಲ್ಲ. ಫಾರ್ಮಿನಲ್ಲಿ ಕಾಟು ಹೊಡೆಯುವಂತಿಲ್ಲವಂತೆ, ಅದಕ್ಕೆ ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಖಾಯಂ ವಿಳಾಸ: ಕಲ್ಪನಾ, ಕೇರಾಫ್ ಅನ್ನಪೂರ್ಣವ್ವ, ಬೆಟಗೇರಿ.